ಟ್ಯಾಂಕಿಗೆ ಕಣ್ಣು ತೆರೆಸಿದವರು

ಹಳೆಯ ಟ್ಯಾಂಕನ್ನು ಗುಜರಿಗೆ ಹಾಕುವ ಬದಲು ಅದರ ಹೊಟ್ಟೆಗೆ ಹೊಸ ಎಂಜಿನ್ನು, ತಲೆಗೆ ಹೊಸ ತೋಪು ಕೊಟ್ಟು, ಒಳಗೆ ಕೂರುವ ಮನುಷ್ಯರನ್ನು ಮಾತ್ರ ಇಳಿಸಿಬಿಟ್ಟರೆ ಹೇಗೆ? ಸಾಯುವುದಾದರೆ ಕಬ್ಬಿಣ ಸಾಯಲಿ, ನಮ್ಮ ಮಕ್ಕಳು ಯಾಕೆ ಸಾಯಬೇಕು? ಎಂಥ ಒಳ್ಳೆಯ ಮಾತು! ಇದಕ್ಕೆ ಬೇಡ ಎನ್ನುವ ತಾಯಿ ಎಲ್ಲಿಯಾದರೂ ಇದ್ದಾಳೆಯೇ? ಗದಗಿನ ಮೂಡಲಿಗೆ, ಎರೆಹೊಲಗಳ ನಡುವಿನ ಕೆಂಪಗುಡ್ಡದ ಕಾರ್ಯಾಗಾರದಲ್ಲಿ ಕೆಲಸ ಶುರುವಾದದ್ದು ಈ ಮಾತಿನಿಂದಲೇ. ಇಂದುಮತಿ ಅಲ್ಲಿ ಎಂಜಿನಿಯರಾಗಿ ಸೇರಿದ್ದೂ ಈ ಮಾತನ್ನು ನಂಬಿಯೇ.

ಮನುಷ್ಯರು ಇಳಿದ ಜಾಗದಲ್ಲಿ ಒಂದು ಪೆಟ್ಟಿಗೆ ಕೂತಿತು. ಅಡುಗೆಮನೆಯ ಹಿಟ್ಟಿನ ಡಬ್ಬಿಯಷ್ಟು ಗಾತ್ರ. ಅದಕ್ಕೆ ಸಾರಥಿ ಎಂದು ಹೆಸರಿಟ್ಟರು. ಹೀಗಾದರೆ ಹೀಗೆ ಮಾಡು, ಹಾಗಾದರೆ ಹಾಗೆ ಮಾಡು ಎಂದು ಅದಕ್ಕೆ ಯಾರೂ ಬರೆದುಕೊಟ್ಟಿರಲಿಲ್ಲ. ಮಕ್ಕಳು ದೊಡ್ಡವರನ್ನು ನೋಡಿ ಕಲಿಯುವ ಹಾಗೆ ಅದು ನೋಡಿ ಕಲಿಯುತ್ತಿತ್ತು. ಟ್ಯಾಂಕಿನ ಸುತ್ತ ಕ್ಯಾಮೆರಾದ ಕಣ್ಣುಗಳು. ಅವಕ್ಕೆ ಮೈಯ ಬಿಸಿಯೂ ಕಾಣುತ್ತಿತ್ತು. ಒಳ್ಳೆಯ ಚಾಲಕನೊಬ್ಬ ಓಡಿಸಬೇಕು. ಅವನು ಯಾವುದನ್ನು ಕಂಡಾಗ ಏನು ಮಾಡಿದ ಎನ್ನುವುದನ್ನು ಸಾರಥಿ ನೆನಪಿಟ್ಟುಕೊಳ್ಳಬೇಕು. ಒಂದು ಟ್ಯಾಂಕು ಕಲಿತ ಪಾಠವನ್ನು ನಿಯಂತ್ರಣ ಕೋಣೆಯಿಂದ ಒಂದು ಗುಂಡಿ ಒತ್ತಿ, ಉಪಗ್ರಹದ ಮೂಲಕ, ಉಳಿದೆಲ್ಲ ಟ್ಯಾಂಕುಗಳಿಗೂ ಕಳಿಸಬಹುದಿತ್ತು.

ಆ ಓಬೀರಾಯನ ಕಾಲದ ಗಾಡಿಯನ್ನು ಓಡಿಸಬಲ್ಲ ಚಾಲಕರು ಸೈನ್ಯದಲ್ಲಿ ಉಳಿದಿರಲಿಲ್ಲ. ಕೊನೆಗೆ ಮೇಷ್ಟ್ರು ಸಿಕ್ಕಿದ್ದು ಇಂದುಮತಿಯ ಮನೆಯಲ್ಲೇ. ಅವಳ ಮಾವ ಫಕ್ಕೀರಪ್ಪ, ನಿವೃತ್ತ ಹವಾಲ್ದಾರ, ಹರೆಯದಲ್ಲಿ ಇದೇ ಬಗೆಯ ಟ್ಯಾಂಕು ಓಡಿಸಿದವನು.

“ಮನ್ಯಾಗ ಒಂದು ತಂಬಗಿ ನೀರು ತಗೊಂಡು ಕುಡ್ಯಾಕ ಬರೂದಿಲ್ಲ, ಈಗ ಡಬ್ಬಿಗೆ ಮಾಸ್ತರ ಆಗ್ಯಾನಂತ!” ಎಂದು ಅತ್ತೆ ಗೌರವ್ವ ನಕ್ಕಳು. ಆದರೂ ಗಂಡನ ಹಳೆಯ ಖಾಕಿ ಅಂಗಿಗೆ ತಾನೇ ಇಸ್ತ್ರಿ ಮಾಡಿಕೊಟ್ಟಳು.

ಫಕ್ಕೀರಪ್ಪನ ಹತ್ತಿರ ಒಂದು ಕಥೆಯಿತ್ತು. ಆ ಮನೆಯಲ್ಲಿ ಊಟಕ್ಕೆ ಕೂತ ಯಾವ ಅತಿಥಿಯೂ ಅದನ್ನು ಕೇಳದೆ ಕೈ ತೊಳೆದದ್ದಿಲ್ಲ. ಯುದ್ಧದಲ್ಲಿ ಉರಿಯುತ್ತಿದ್ದ ಹಳ್ಳಿಯೊಂದನ್ನು ಹಾಯುವಾಗ ಹೊಗೆಯೊಳಗಿಂದ ಒಬ್ಬ ಮುದುಕಿ ಬಂದು ಅವನ ಟ್ಯಾಂಕಿನ ಎದುರು ಕೈಮುಗಿದು ನಿಂತಳಂತೆ.

“ಎಲ್ಲೂ ನಿಂದ್ರಬ್ಯಾಡ್ರಿ ಅಂತ ಆರ್ಡರ್ ಇತ್ತು. ನಾ ಗಕ್ಕನ ನಿಂದ್ರಿಸಿದ್ನಿ ನೋಡವಾ. ನಮ್ಮವ್ವನ್ನ ಕಂಡಂಗಾತು ನನಗ. ತೋಪಿನ ಕಡೆ ಇದ್ದಾಂವ ಗುರುಪಾದ. ಅವನೂ ಕೈ ತಗದು ಸುಮ್ಮನ ಕುಂತಾ. ಆಕಿ ದಾಟಿ ಹ್ವಾದ ಮ್ಯಾಲೆ ನಾವು ಮುಂದ ಹ್ವಾದ್ವಿ. ಮೆಡಲ್ ಗಿಡಲ್ ಏನೂ ಬರಲಿಲ್ಲ. ಬೈಸಿಕೊಂಡ್ನಿ. ಆದ್ರ ಇವತ್ತಿಗೂ ಕಣ್ಣು ಮುಚ್ಚಿದ್ರ ನಿದ್ದಿ ಬರ್ತೈತಿ ನನಗ.”

“ಆ ಮುದುಕಿ ಸ್ವರ್ಗದಾಗ ಇದನ್ನ ಕೇಳಿ ಕೇಳಿ ಬ್ಯಾಸತ್ತಿರಬೇಕು,” ಎನ್ನುತ್ತಿದ್ದಳು ಗೌರವ್ವ. ಹಾಗೆನ್ನುತ್ತಲೇ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ತಾನೂ ಕೇಳುತ್ತಿದ್ದಳು.

ಮುದುಕ ಹುರುಪಿನಿಂದ ಕಲಿಸಿದ. ಹಳ್ಳ ದಾಟುವುದು, ಕೆಸರಲ್ಲಿ ಹೂತ ಚೈನನ್ನು ಬಿಡಿಸಿಕೊಳ್ಳುವುದು, ಕುರಿಮಂದೆ ಕಂಡರೆ ದೂರದಿಂದಲೇ ವೇಗ ಇಳಿಸಿ ಸಾವಕಾಶ ನಿಲ್ಲುವುದು. ಸಾರಥಿ ಎಲ್ಲವನ್ನೂ ಹೀರಿಕೊಂಡಿತು. ಗುಂಡಿನ ಮೈದಾನದಲ್ಲಿ ಮಾತ್ರ ಮುದುಕ ತನ್ನ ಕಾಲದ ಚಾಳಿ ಬಿಡಲಿಲ್ಲ. ಆಗಿನ ಟ್ಯಾಂಕು ಓಡುತ್ತಾ ಗುರಿ ಹಿಡಿಯಲಾರದು. ಹಲಗೆಯ ಎದುರು ಗಕ್ಕನೆ ನಿಲ್ಲಬೇಕು, ತೋಪಿನವನು ಹೊಡೆಯಬೇಕು, ಮತ್ತೆ ಓಡಬೇಕು. “ಹೊಸ ತೋಪಿಗೆ ನಿಂದ್ರೂದು ಬೇಕಾಗಿಲ್ರೀ ಮಾವಾರ, ಓಡಕೋತನ ಹೊಡೀತೈತಿ,” ಎಂದು ಇಂದುಮತಿ ಎಷ್ಟು ಹೇಳಿದರೂ ಅವನ ಕೈ ಕೇಳಲಿಲ್ಲ. ಅವನು ಗಕ್ಕನೆ ನಿಲ್ಲಿಸುವುದು, ತೋಪು ಢಮ್ಮೆನ್ನುವುದು. ಒಂದು ಹೊಡೆತವೂ ತಪ್ಪದ್ದರಿಂದ ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಇನ್ನು ಪೂಜೆಯ ವಿಷಯ. ಹೊಸ ಸೈಕಲ್ಲು ತಂದರೂ ಕಾಯಿ ಒಡೆಯದೆ ಹತ್ತದ ಜನ ನಾವು, ಟ್ಯಾಂಕನ್ನು ಬಿಟ್ಟೇವೆಯೇ? ದೇವರ ಮೂರ್ತಿಗೆ ಕಣ್ಣು ತೆರೆಸುವ ಹಾಗೆ ಇದಕ್ಕೂ ತೆರೆಸಬೇಕು, ಅದರ ಕಣ್ಣಿಗೆ ಮೊದಲು ಬೀಳುವುದು ಮಂಗಳಾರತಿಯೇ ಆಗಬೇಕು ಎಂದಳು ಗೌರವ್ವ. ಎಲ್ಲರಿಗೂ ಹಿಡಿಸಿತು. ಇಂದುಮತಿಗಂತೂ ಕೇಳಿಯೇ ಕಣ್ಣು ತುಂಬಿ ಬಂತು. ಪ್ರತಿ ಟ್ಯಾಂಕಿನ ಕ್ಯಾಮೆರಾಗಳಿಗೂ ಅರಿವೆ ಕಟ್ಟಿಡುವರು. ಧೂಪದ ಹೊಗೆ ಏಳುವುದು, ಗೌರವ್ವ ಕರ್ಪೂರದ ತಟ್ಟೆ ಎತ್ತುವಳು, ಕಾರ್ಮಿಕರೂ ಅವರ ಮನೆಯವರೂ ಎದುರಿಗೆ ಕೈಮುಗಿದು ನಿಲ್ಲುವರು. ಆಗ ಇಂದುಮತಿ ಅರಿವೆ ತೆಗೆದು ಸಾರಥಿಗೆ ಕರೆಂಟು ಕೊಡುವಳು. ಫಕ್ಕೀರಪ್ಪ ಒಳಗೆ ಕೂತು ಮುಂದಕ್ಕೆ ಬಿಡುವನು. ಚೈನಿನ ಕೆಳಗೆ ನಿಂಬೆಹಣ್ಣು ಪಿಚಕ್ಕೆನ್ನುವುದು, ಜನ ನಗುತ್ತಾ ಪಕ್ಕಕ್ಕೆ ಸರಿಯುವರು. ಆಮೇಲೆ ಪೇಢೆ ಹಂಚಿ, ಮೈದಾನದ ಪಾಠಗಳನ್ನು ಅದಕ್ಕೆ ತುಂಬಿ, ಗಾಡಿಯನ್ನು ಗಡಿಗೆ ಕಳಿಸುವರು.

ಹೀಗೆ ಬಹಳಷ್ಟು ಟ್ಯಾಂಕುಗಳು ಗಡಿ ಸೇರಿದ ಮೇಲೆ, ಒಂದು ಶುಕ್ರವಾರ ಬೆಳಿಗ್ಗೆ, ಶೆಡ್ಡಿನಲ್ಲಿ ಒಂದು ಗಾಡಿಯ ಎಂಜಿನ್ನು ಪರೀಕ್ಷೆಗೆಂದು ಗುರುಗುಟ್ಟುತ್ತಾ ನಿಂತಿತ್ತು. ಒಳಗೆ ಯಾರೂ ಇರಲಿಲ್ಲ, ಸಾರಥಿ ಮಾತ್ರ ಚಾಲೂ ಇತ್ತು. ವೆಲ್ಡಿಂಗಿನ ದ್ಯಾಮಣ್ಣ ವಾರದ ರೂಢಿಯಂತೆ ಅದರ ಮೂಗಿನ ಮುಂದೆ ಕರ್ಪೂರ ಹಚ್ಚಿ, ಕಣ್ಣು ಮುಚ್ಚಿ, ಕೈಮುಗಿದ.

ಟ್ಯಾಂಕು ಮುಂದಕ್ಕೆ ಬಂತು.

ಚೈನಿನ ಸದ್ದಿಗೆ ದ್ಯಾಮಣ್ಣ ಹಾರಿ ಪಕ್ಕಕ್ಕೆ ಬಿದ್ದ. ಯಾರೋ ಓಡಿಹೋಗಿ ಎಂಜಿನ್ನು ಆರಿಸಿದರು. ಆಮೇಲೆ ಶೆಡ್ಡಿಗೆ ಶೆಡ್ಡೇ ನಕ್ಕಿತು. “ಏ ದ್ಯಾಮ, ಪ್ರಸಾದ ಕೇಳಾಕ ಬಂದಿತ್ತಲೇ! ನಮ್ಮ ಗಾಡಿಗೂ ಭಕ್ತಿ ಹುಟ್ಟೇತಿ!” ಇಂದುಮತಿಯೂ ನಗಲು ಬಾಯಿ ತೆರೆದಳು. ಆದರೆ ಅವಳ ಕಣ್ಣು ನೆಲದ ಮೇಲೆ ಇನ್ನೂ ಉರಿಯುತ್ತಿದ್ದ ಕರ್ಪೂರದ ಮೇಲೆ ಬಿತ್ತು.

ಅವಳು ನೇರ ಲ್ಯಾಬಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಾರಥಿಯ ಒಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಒಂದೊಂದೇ ಚಿತ್ರ ತೋರಿಸಿದಳು. ನಿಲ್ಲಬೇಕೆಂದರೆ ಅದರ ಪರದೆಯಲ್ಲಿ ಕೆಂಪು, ಹೋಗಬೇಕೆಂದರೆ ಹಸಿರು. ಕುರಿ ತೋರಿಸಿದಳು, ಕೆಂಪು. ರಸ್ತೆ ದಾಟುವ ಮಗು, ಕೆಂಪು. ಬರೀ ಬೆಂಕಿ, ಕೆಂಪು. ಖಾಲಿ ಬಯಲು, ಹಸಿರು. ಹೊಗೆಯ ನಡುವೆ ಕೈಮುಗಿದು ನಿಂತ ಜನರನ್ನು ತೋರಿಸಿದಳು. ಹಸಿರು! ಅದೂ ಖಾಲಿ ಬಯಲಿಗೆ ಬಂದದ್ದಕ್ಕಿಂತ ಗಾಢವಾದ ಹಸಿರು.

ಹುಟ್ಟಿ ಕಣ್ಣು ತೆರೆದ ಕ್ಷಣದಲ್ಲಿ ಸಾರಥಿ ನೋಡಿದ್ದು ಹೊಗೆ, ಉರಿ, ಕೈಮುಗಿದ ಜನ. ಆಗ ಅದರ ಮೇಷ್ಟ್ರು ಮಾಡಿದ್ದು ಗಾಡಿಯನ್ನು ಮುಂದೆ ಬಿಟ್ಟದ್ದು. ಜನ ಪ್ರತಿ ಸಲವೂ ತಾವಾಗಿ ಸರಿದಿದ್ದರು. ಕೈಮುಗಿದವರು ಎದುರಿಗಿದ್ದರೆ ನಡೆ, ಅವರು ಸರಿಯುತ್ತಾರೆ. ಇದು ಅದರ ಮೊದಲ ಪಾಠ, ಉಳಿದದ್ದೆಲ್ಲ ಇದರ ಮೇಲೆ ಕಟ್ಟಿದ್ದು. ಯುದ್ಧದಲ್ಲಿ ಹೊಗೆಯ ನಡುವೆ ಕೈಮುಗಿದು ನಿಲ್ಲುವವರು ಯಾರು? ಇಂದುಮತಿ ದುಪಟ್ಟಾದ ತುದಿಯನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತಳು.

ಕಾರ್ಯಾಗಾರದ ಮುಖ್ಯಸ್ಥ ನಾಡಗೌಡ ಕೆಟ್ಟ ಮನುಷ್ಯನಲ್ಲ. ಹಸಿರು ಪರದೆಯನ್ನು ಕಂಡು ಅವನ ಮುಖವೂ ಬಿಳಿಚಿಕೊಂಡಿತು. ಮೇಲಿನವರಿಗೆ ಫೋನು ಹಚ್ಚಿ, ಮಾತಾಡಿ, ಫೋನಿಟ್ಟು, ತಲೆಯ ಮೇಲೆ ಕೈಹೊತ್ತು ಕೂತ.

“ವಾಪಸ್ ಕರಸೂದು ಆಗೂದಿಲ್ಲಂತವಾ. ನಿನ್ನೆ ಗಡಿಯಾಗ ಗುಂಡಿನ ಕಾಳಗ ಶುರು ಆಗೇತಿ. ನಮ್ಮ ಗಾಡಿ ಮುಂದಿನ ಸಾಲಿನ್ಯಾಗ ಅದಾವ. ಊರು ಸುಡಾಕತ್ತಾವ, ಮಂದಿ ಓಡಾಕತ್ತಾರ. ಏನ್ ತಿದ್ದೂದಿದ್ರೂ ಅಲ್ಲಿಂದನ ತಿದ್ದಿ ಕಳಸ್ರಿ ಅಂದ್ರು. ಆ ಪಾಠ ಅಳಸಾಕ ಬರೂದಿಲ್ಲೇನು?”

“ಬುಡದ ಕಲ್ಲು ತಗದ್ರ ಗ್ವಾಡಿ ನಿಂದ್ರೂದಿಲ್ಲ ಸರ್. ಗಾಡಿ ಓಡೂದನ್ನ ಮರೀತೈತಿ.”

“ಮತ್ತೇನ್ ದಾರಿ?”

“ಅದಕ್ಕಿಂತ ಗಟ್ಟಿ ಪಾಠ ಹೇಳಿಕೊಡಬೇಕು. ಹೊಗಿಯೊಳಗ ಕೈಮುಗದು ನಿಂತವರು ಸರಿಯಂಗಿಲ್ಲ, ಗಾಡೀನ ನಿಂದ್ರಬೇಕು. ಗೊಂಬಿ ಇಟ್ರ ನಡೆಯೂದಿಲ್ಲ ಸರ್, ಅದಕ್ಕ ಮೈ ಬಿಸಿ ಕಾಣ್ತೈತಿ. ಜೀವ ಇದ್ದವರ ನಿಂದ್ರಬೇಕು.”

ಮಧ್ಯಾಹ್ನ ಮನೆಗೆ ಬಂದು ಹೇಳಿದಾಗ ಗೌರವ್ವನ ಕೈಯಲ್ಲಿದ್ದ ಲಟ್ಟಣಿಗೆ ನೆಲಕ್ಕೆ ಬಿತ್ತು. “ಆರತಿ ಎತ್ತಿದಾಕಿ ನಾನ ಅಲ್ಲೇನ ಯವ್ವಾ,” ಎಂದು ಗೋಡೆಗೆ ಒರಗಿದಳು. ಫಕ್ಕೀರಪ್ಪ ತಟ್ಟೆಯ ಮುಂದೆ ಕೂತು ತನ್ನ ಎರಡೂ ಅಂಗೈಗಳನ್ನು ತಿರುವಿ ಮುರುವಿ ನೋಡಿಕೊಂಡ. ಆ ಕೈಗಳ ಕಲಿಕೆಯನ್ನೇ ಆ ಗಾಡಿಗಳು ಹೊತ್ತುಕೊಂಡು ಹೋಗಿದ್ದವು.

“ಅಂದ್ರ, ಆವತ್ತಿನ ಮುದುಕಿ ಈವತ್ತು ನನ್ನೆದುರು ಬಂದು ನಿಂತಿದ್ರ...” ಎಂದವನು ಮುಂದೆ ಹೇಳಲಾರದೆ ತಟ್ಟೆ ಸರಿಸಿದ. “ನಡಿ ಇಂದವ್ವ. ನಿಂದ್ರೂದು ಹೆಂಗಂತ ಕಲಸೂಣು ಅದಕ್ಕ.”

“ಎದುರಿಗೆ ನಾ ನಿಂದ್ರತೀನಿ,” ಎಂದಳು ಗೌರವ್ವ.

“ಅತ್ತೀ, ನಿಮಗ ಮೊಣಕಾಲು ಹಿಡದಾವು. ಹಾರಿ ಸರಿಯೂ ಪ್ರಸಂಗ ಬಂದ್ರ? ನಾನ ನಿಂದ್ರಾಕಿ.” ಹಾಗೆಂದು ಇಂದುಮತಿ ಚಪ್ಪಲಿ ಮೆಟ್ಟಿದಳು. ರೈಲು ಓಡಿಸುವ ಗಂಡ ಎಲ್ಲೋ ಹಳಿಯ ಮೇಲಿದ್ದ. ಅವನಿಗೆ ಫೋನು ಮಾಡಬೇಕೆಂದುಕೊಂಡವಳು ಮಾಡಲಿಲ್ಲ. ದನಿ ಕೇಳಿದರೆ ಧೈರ್ಯ ಇಳಿದೀತು ಎನ್ನಿಸಿತು.

ಮೈದಾನದಲ್ಲಿ ಜೋಳದ ಕಣಿಕೆಗೆ ಬೆಂಕಿ ಹಚ್ಚಿದರು. ಹೊಗೆ ಬಯಲು ತುಂಬಿತು. ಸುರಕ್ಷೆಗೆಂದು ತೋಪಿನ ತಂತಿ ಕಳಚಿ ಅದನ್ನು ಕಟ್ಟಿಹಾಕಿದರು. ಫಕ್ಕೀರಪ್ಪನನ್ನು ಇಬ್ಬರು ಹಿಡಿದು ಒಳಗಿಳಿಸಿದರು. ಇಂದುಮತಿ ಹೊಗೆಯ ಅಂಚಿನಲ್ಲಿ ಹೋಗಿ ನಿಂತು ಕೈಮುಗಿದಳು.

ಲ್ಯಾಬಿನಲ್ಲಿ ಟ್ಯಾಂಕೆಂದರೆ ಪರದೆಯ ಮೇಲಿನ ಗೀಟುಗಳು. ಎದುರಿಗೆ ನಿಂತು ನೋಡಿದರೆ ಗೊತ್ತಾಗುತ್ತದೆ. ಮೊದಲು ಪಾದದ ಕೆಳಗಿನ ನೆಲ ನಡುಗಿತು. ಆಮೇಲೆ ಹಲ್ಲು ನಡುಗಿದವು. ಹಳೆಯ ಎಂಜಿನ್ನಾದರೆ ಏದುಸಿರು ಬಿಡುತ್ತಾ ಬರುತ್ತಿತ್ತು, ಹೊಸದು ಹುಮ್ಮಸ್ಸಿನ ಹೋರಿಯ ಹಾಗೆ ನುಗ್ಗುತ್ತಿತ್ತು. ಮುದುಕನ ಕಾಲಿಗೆ ಈಗ ಮೊದಲಿನ ಬಿರುಸಿಲ್ಲ ಎನ್ನುವುದು ಅವಳಿಗೆ ಆಗ ನೆನಪಾಯಿತು. ಬೆಳಿಗ್ಗೆ ಚಹಾದ ಬಸಿ ಹಿಡಿದರೂ ಆ ಕೈ ನಡುಗುತ್ತಿತ್ತಲ್ಲ! ಓಡು, ಓಡು ಎಂದು ಮೈಯ ಪ್ರತಿ ಎಲುಬೂ ಕೂಗಿತು. ಅವಳು ಸರಿಯುವ ಹಾಗಿರಲಿಲ್ಲ. ಒಂದು ಸಲ ಸರಿದರೂ ಸಾರಥಿ ಹಳೆಯ ಪಾಠವನ್ನೇ ಖಾತ್ರಿ ಮಾಡಿಕೊಳ್ಳುತ್ತಿತ್ತು.

ಟ್ಯಾಂಕು ಗಕ್ಕನೆ ನಿಂತಿತು. ಮೂಗು ನೆಲಕ್ಕೆ ಬಗ್ಗಿ, ಹಿಂದಕ್ಕೆ ಜೋಲಿ ಹೊಡೆದು, ಸ್ಥಿರವಾಯಿತು. ಅದರ ಕಾವು ಅವಳ ಮುಖಕ್ಕೆ ಬಡಿಯುತ್ತಿತ್ತು. ಒಳಗಿಂದ ಮುದುಕನ ದನಿ ಸಣ್ಣಗೆ ಕೇಳಿತು. “ಅದೀಯೇನ ಯವ್ವಾ?”

“ಅದೀನ್ರೀ ಮಾವಾರ,” ಎಂದಳು. ಮತ್ತೆ ಹಿಂದಕ್ಕೆ ಹೋಗಿ ಬರಲು ಹೇಳಿದಳು.

ಎಷ್ಟು ಸಲ ಬಂದ, ಎಷ್ಟು ಸಲ ನಿಂತ, ಯಾರು ಎಣಿಸಿದರು! ಕಣಿಕೆ ಮುಗಿದು ಇನ್ನೊಂದು ಬಂಡಿ ತರಿಸಿದರು. ಹೊಗೆಗೆ ಇಂದುಮತಿಯ ಕಣ್ಣು ಕೆಂಡವಾದವು. ಬಯಲಿನ ಅಂಚಿನಲ್ಲಿ ಗೌರವ್ವ ಮನೆದೇವರ ಹೆಸರು ಹೇಳುತ್ತಾ, ಟ್ಯಾಂಕು ಬಂದಾಗೊಮ್ಮೆ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾ ಕೂತಿದ್ದಳು. ಮರುದಿನವೂ ಅದೇ ಆಯಿತು. ಸಂಜೆಗೆ ಲ್ಯಾಬಿನ ಪರದೆಯ ಹಸಿರು ಮಸುಕಾಗಿ, ಕಂದಾಗಿ, ಕೊನೆಗೆ ಕೆಂಪಾಯಿತು. ಇಂದುಮತಿ ಮೇಜಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು.

ಕೊನೆಯ ಪರೀಕ್ಷೆ ಮಾರನೆಯ ಬೆಳಿಗ್ಗೆ. ಒಳಗೆ ಚಾಲಕನಿಲ್ಲದೆ, ಸಾರಥಿ ತಾನಾಗಿಯೇ ಓಡಿಸಿ ನಿಲ್ಲಬೇಕು. ಗಡಿಯಲ್ಲಿ ಹೇಗಿರುತ್ತದೋ ಹಾಗೆಯೇ ಎಲ್ಲವೂ ಚಾಲೂ ಇರಲಿ ಎಂದ ನಾಡಗೌಡ. ತೋಪಿನ ತಂತಿಗಳನ್ನೂ ಮತ್ತೆ ಜೋಡಿಸಿದರು, ಗುಂಡು ತುಂಬಿರಲಿಲ್ಲ. ಗಡಿಯಿಂದ ಬೆಳಿಗ್ಗೆಯೇ ಸುದ್ದಿ ಬಂದಿತ್ತು. ನಮ್ಮ ಗಾಡಿಗಳು ಒಂದು ಊರಿನ ಹತ್ತಿರ ಬಂದಿವೆ, ಆ ಊರು ಉರಿಯುತ್ತಿದೆ, ಜನ ಇನ್ನೂ ಒಳಗಿದ್ದಾರೆ. ನಾಡಗೌಡ ನಿಯಂತ್ರಣ ಕೋಣೆಯಲ್ಲಿ ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಕೂತ. ಗಾಡಿ ನಿಂತದ್ದೇ ತಡ, ಪಾಠ ಹೊರಡಬೇಕು.

ಇಂದುಮತಿ ಹೊಗೆಯಲ್ಲಿ ನಿಂತು ಕೈಮುಗಿದಳು. ಫಕ್ಕೀರಪ್ಪ ಈ ಸಲ ಹೊರಗೆ, ಗೌರವ್ವನ ಪಕ್ಕದಲ್ಲಿ, ಕೋಲೂರಿ ನಿಂತಿದ್ದ. ಒಳಗೆ ಮಾವನಿದ್ದಾಗ ಇದ್ದ ಭಯವೇ ಬೇರೆ, ಈಗಿನದೇ ಬೇರೆ. ಆಗ ಕನಿಷ್ಠ ಕೂಗಿದರೆ ಕೇಳುವ ಕಿವಿಯೊಂದು ಒಳಗಿತ್ತು. ಈಗ ಬರುತ್ತಿದ್ದುದು ಬರೀ ಕಬ್ಬಿಣ. ನೆಲ ನಡುಗಿತು. ಹಲ್ಲು ನಡುಗಿದವು. ಹೊಗೆ ಸೀಳಿಕೊಂಡು ಅದರ ಮೂಗು ಕಂಡಿತು. ನಿಲ್ಲೋ, ನಿಲ್ಲೋ ನನ್ನಪ್ಪಾ, ಎಂದು ಅವಳ ತುಟಿ ತಾನಾಗಿ ಅಂದುಕೊಂಡಿತು.

ಟ್ಯಾಂಕು ಗಕ್ಕನೆ ನಿಂತಿತು. ಥೇಟು ಫಕ್ಕೀರಪ್ಪನ ಹಾಗೆಯೇ, ಮೂಗು ಬಗ್ಗಿಸಿ, ಜೋಲಿ ಹೊಡೆದು.

ಬಯಲ ಅಂಚಿನಿಂದ ಹೋ ಎಂದು ಕೇಕೆ ಎದ್ದಿತು. ದ್ಯಾಮಣ್ಣ ಟವೆಲು ಬೀಸಿದ. ಧ್ವನಿವರ್ಧಕದಲ್ಲಿ ನಾಡಗೌಡನ ದನಿ ಒಡೆದು ಬಂತು. “ನಿಂತಿತಲೇ! ನಿಂತಿತು! ಕಳಿಸಿದ್ನಿ ನೋಡವಾ ಇಂದುಮತಿ, ಎಲ್ಲಾ ಗಾಡಿಗೂ ಹ್ವಾತು! ಆ ಊರ ಮುಂದ ಇದ್ದ ಗಾಡೀನೂ ಪಾಠ ತಗೊಂಡ್ವು!”

ಇಂದುಮತಿ ಮುಗಿದ ಕೈ ಇಳಿಸುವುದೂ ಮರೆತು ನಕ್ಕಳು. ಅಷ್ಟರಲ್ಲಿ ತಲೆಯ ಮೇಲೆ ಎಲ್ಲೋ ಸಣ್ಣಗೆ ಗುಂಯ್ಯೆಂದಿತು. ತಲೆಯೆತ್ತಿದಳು.

ತೋಪಿನ ನಳಿಗೆ ತಿರುಗುತ್ತಿತ್ತು. ಅವಸರವಿಲ್ಲದೆ ತಿರುಗಿತು, ಕೆಳಗೆ ಬಾಗಿತು, ಅವಳ ಮುಗಿದ ಕೈಗಳ ನೇರಕ್ಕೆ ಬಂದು ನಿಂತಿತು. ಅದರ ಕಪ್ಪು ಬಾಯಿ ಅವಳಿಗೆ ತೀರಾ ಹತ್ತಿರದಲ್ಲಿ ಕಾಣುತ್ತಿತ್ತು. ಒಳಗೆ ಟಕ್ ಎಂದು ಒಂದು ಸದ್ದಾಯಿತು. ಗುಂಡಿಲ್ಲದ ತೋಪು ಹೊಡೆದ ಸದ್ದು ಅದು.

ಅವಳಿಗೆ ಎಲ್ಲವೂ ಒಟ್ಟಿಗೆ ಕಂಡಿತು. ಗುಂಡಿನ ಮೈದಾನ, ಮರದ ಹಲಗೆ, ಮುದುಕನ ಬಿಡದ ಚಾಳಿ. ಗಕ್ಕನೆ ನಿಂತರೆ ಹೊಡೆಯಬೇಕು. ಯಾವುದರ ಮುಂದೆ ನಿಂತಿತೋ ಅದೇ ಗುರಿ. ಪಾಠದ ದಿನಗಳಲ್ಲಿ ತೋಪನ್ನು ಕಟ್ಟಿಹಾಕಿದ್ದರಿಂದ ಯಾರಿಗೂ ಇದು ಕಾಣಲಿಲ್ಲ. ಗಡಿಯಲ್ಲಿ ತೋಪು ಕಟ್ಟಿಲ್ಲ. ಅಲ್ಲಿ ಗುಂಡಿದೆ. ಅಲ್ಲಿ ಈ ಹೊತ್ತಿಗೆ ಗಾಡಿಗಳು ಕೈಮುಗಿದವರ ಮುಂದೆ ಒಂದೊಂದಾಗಿ ಗಕ್ಕನೆ ನಿಲ್ಲುತ್ತಿವೆ.

“ಸರ್! ವಾಪಸ್ ತಗೋರಿ! ವಾಪಸ್ ತಗೋರಿ ಸರ್!” ಎಂದು ಕಿರುಚುತ್ತಾ ಅವಳು ನಿಯಂತ್ರಣ ಕೋಣೆಯ ಕಡೆಗೆ ಓಡಿದಳು. ಕಳಿಸಿದ ಪಾಠವನ್ನು ಹಿಂದಕ್ಕೆ ಕರೆಯುವ ಗುಂಡಿ ಯಾವುದೂ ಇಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆದರೂ ಓಡಿದಳು. ಜನರ ಕೇಕೆ ಇನ್ನೂ ನಿಂತಿರಲಿಲ್ಲ. ಧ್ವನಿವರ್ಧಕದಲ್ಲಿ ನಾಡಗೌಡ ಪೇಢೆ ತರಿಸಲು ಹೇಳುತ್ತಿದ್ದ.

ನಳಿಗೆ ತಿರುಗಿದ್ದನ್ನು ಆ ಬಯಲಿನಲ್ಲಿ ಇನ್ನೊಬ್ಬನೂ ಕಂಡಿದ್ದ. ಫಕ್ಕೀರಪ್ಪನ ಕೋಲು ಕೈಜಾರಿ ಬಿದ್ದಿತ್ತು. ಓಡುತ್ತಾ ತನ್ನನ್ನು ದಾಟಿ ಹೋಗುತ್ತಿದ್ದ ಸೊಸೆಯ ಕೈಯನ್ನು ಅವನು ಹಿಡಿದುಕೊಂಡ. ಅವನ ಕೈ ನಡುಗುತ್ತಿರಲಿಲ್ಲ, ತಣ್ಣಗಾಗಿಬಿಟ್ಟಿತ್ತು.

“ನಿಂದ್ರೂದನ್ನ ನಾ ಕಲಿಸಿದ್ನಿ ಯವ್ವಾ,” ಎಂದ. “ತೋಪಿನಿಂದ ಕೈ ತಗಿಯಾಕ ಒಳಗ ಗುರುಪಾದ ಇಲ್ಲಲ್ಲ.”